ಹುಳು ಹಣ್ಣಾದ ವಾರ, ನಾನು ಹಡಗಿನಲ್ಲಿ

ಹಡಗಿಗೆ ಎರಡು ಟಿಕೆಟ್ ಮಾಡಿಸಿದ್ದೆವು. ಹೋದವಳು ನಾನೊಬ್ಬಳೇ. ಗೆಳತಿ ಬರಲಾಗದ್ದಕ್ಕೆ ಕಾರಣ ಅಕ್ಕೂರಿನಲ್ಲಿ ಅವಳು ಸಾಕುತ್ತಿದ್ದ ರೇಷ್ಮೆ ಹುಳುಗಳು. ಹುಳುಗಳ ದಿನದ ಲೆಕ್ಕ ತಪ್ಪಿದ್ದರಲ್ಲಿ ಅರ್ಧ ಪಾಲು ನನ್ನದು. ಅದನ್ನು ಮೊದಲೇ ಬರೆದುಬಿಡುತ್ತೇನೆ.

ನಾನು ಇಪ್ಪತ್ತೊಂಬತ್ತು ವರ್ಷ ಒಂದು ಕನ್ನಡ ದಿನಪತ್ರಿಕೆಗೆ ಕೆಲಸ ಮಾಡಿದೆ. ರಾಮನಗರದ ಕಚೇರಿಯಲ್ಲಿ ಕೂತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಿಂದ ಬರುವ ಸುದ್ದಿಯನ್ನು ತಿದ್ದಿ, ತಲೆಬರಹ ಕೊಟ್ಟು, ಸಂಜೆ ಏಳರೊಳಗೆ ಬೆಂಗಳೂರಿಗೆ ಕಳಿಸುವುದು ನನ್ನ ಹೊಣೆ. ಪ್ರತಿ ಜನವರಿಯಲ್ಲೂ ಒಂದು ಸುದ್ದಿ ತಪ್ಪದೆ ಬರುತ್ತಿತ್ತು. ಚಳಿ ಹೆಚ್ಚಾಗಿ ಹುಳುಗಳ ಬೆಳವಣಿಗೆ ನಿಧಾನವಾಗಿದೆ, ರಾಮನಗರದ ಮಾರುಕಟ್ಟೆಗೆ ಗೂಡಿನ ಆವಕ ಇಳಿದಿದೆ ಎಂಬ ಸುದ್ದಿ. ಅದು ಎಷ್ಟು ನಿಯಮಿತವಾಗಿತ್ತೆಂದರೆ, ಒಂದೆರಡು ವರ್ಷ ಹಿಂದಿನ ಸುದ್ದಿಯನ್ನೇ ತೆಗೆದು ಅಂಕಿಗಳನ್ನಷ್ಟೇ ಬದಲಿಸಿದ್ದೇನೆ. ಇಷ್ಟಾದರೂ ನನ್ನ ಸ್ವಂತ ಪ್ರವಾಸದ ದಿನ ಗೊತ್ತುಮಾಡುವಾಗ ಆ ಸುದ್ದಿ ನೆನಪಾಗಲಿಲ್ಲ.

ಗೆಳತಿ ಮತ್ತು ನಾನು ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಒಂಬತ್ತನೇ ಕ್ಲಾಸಿನಲ್ಲಿ ಮಂಗಳೂರಿಗೆ ಪ್ರವಾಸ ಹೊರಟಾಗ ಅವಳೂ ಹೆಸರು ಕೊಟ್ಟಿದ್ದಳು. ಅದೇ ವಾರ ಅವಳ ತಾಯಿಯ ಮನೆಯಲ್ಲಿ ಹುಳುಗಳು ಹೊಟ್ಟೆಬಾಕಗಳಾಗುವ ಹೊತ್ತು. ಸೊಪ್ಪು ಕೊಯ್ಯಲು ಜನ ಸಾಲದೆ ಅವಳನ್ನು ನಿಲ್ಲಿಸಿಕೊಂಡರು. ನಾನು ಹೋಗಿ ಬಂದೆ. ಬಂದವಳು ಒಂದು ವಾರ ಪೂರ್ತಿ, ಮಧ್ಯಾಹ್ನದ ಬುತ್ತಿ ಬಿಚ್ಚಿದ ಕೂಡಲೇ, ಸಮುದ್ರ ಹೇಗಿತ್ತು ಎಂದು ಅವಳಿಗೆ ವರದಿ ಒಪ್ಪಿಸಿದೆ. ಎಂಟನೇ ದಿನ ಅವಳು ಬುತ್ತಿ ಮುಚ್ಚಿಕೊಂಡು ಎದ್ದು ಹಿಂದಿನ ಬೆಂಚಿಗೆ ಹೋದಳು. ಒಂದು ತಿಂಗಳು ಮಾತಿಲ್ಲ. ಯಾಕೆಂದು ಬಹಳ ವರ್ಷಗಳ ಮೇಲೆ ಕೇಳಿದಾಗ, ನಾನು ಹೇಳಿ ಹೇಳಿ ಸಮುದ್ರ ಅವಳಿಗೆ ನೋಡುವ ಮೊದಲೇ ಹಳೆಯದಾಗಿಹೋಯಿತು ಎಂದಳು.

ಆಮೇಲೂ ಅವಳು ಸಮುದ್ರ ನೋಡಲಿಲ್ಲ. ಮದುವೆಯಾಗಿ ಅಕ್ಕೂರಿಗೆ ಬಂದಳು. ಅಲ್ಲಿ ಎರಡು ಎಕರೆ ಹಿಪ್ಪುನೇರಳೆ, ತೋಟದ ಅಂಚಿಗೆ ಹೆಂಚಿನ ಹುಳುಮನೆ. ವರ್ಷಕ್ಕೆ ಆರು ಬೆಳೆ ತೆಗೆಯುತ್ತಾರೆ. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಒಂದಿಷ್ಟು ದಿನ ಆರಲು ಬಿಟ್ಟರೆ ಮುಂದಿನ ಮರಿಹುಳು ಬಂದೇಬಿಡುತ್ತದೆ. ಮಕ್ಕಳ ಮದುವೆಗಳನ್ನೂ ಎರಡು ಬೆಳೆಗಳ ನಡುವಿನ ಸಂದಿನಲ್ಲೇ ಮಾಡಿದವಳು ಅವಳು. ಧರ್ಮಸ್ಥಳಕ್ಕೆ ಹೋದಾಗ ದರ್ಶನ ಮುಗಿಸಿ ಅದೇ ಬಸ್ಸಿನಲ್ಲಿ ವಾಪಸ್ಸಾಗಿದ್ದಳು. ಇನ್ನೆರಡು ತಾಸು ಮುಂದೆ ಹೋಗಿದ್ದರೆ ಸಮುದ್ರ ಸಿಗುತ್ತಿತ್ತು.

ನಾನು ನಿವೃತ್ತಳಾದ ಮರುವರ್ಷ ಅವಳೇ ಹಡಗಿನ ಮಾತೆತ್ತಿದಳು. ಕೊಚ್ಚಿಯಿಂದ ಹೊರಟು ಲಕ್ಷದ್ವೀಪದ ಒಂದು ದ್ವೀಪಕ್ಕೆ ಹೋಗಿ ಕೊಚ್ಚಿಗೇ ಮರಳುವ ನಾಲ್ಕು ರಾತ್ರಿಯ ಪ್ರವಾಸದ ಜಾಹೀರಾತು ಅವಳ ಮೊಬೈಲಿಗೆ ಬಂದಿತ್ತು. ಗಂಡನನ್ನು ಕೇಳಿದ್ದಾಳೆ. ಆತ ಮಿತಭಾಷಿ. ಹುಳು ಇಲ್ಲದಿದ್ದಾಗ ಹೋಗುವುದಾದರೆ ತನ್ನದೇನಿದೆ ಎಂದನಂತೆ. ಚನ್ನಪಟ್ಟಣದ ಹೆದ್ದಾರಿಯ ಬದಿಯಲ್ಲಿ ಕಾಶಿ, ತಿರುಪತಿ ಪ್ರವಾಸಗಳನ್ನು ಮಾಡಿಸುವ ಒಬ್ಬ ಏಜೆಂಟರ ಬಳಿ ಹೋದೆವು. ಅರವತ್ತು ದಾಟಿದ ಇಬ್ಬರು ಹೆಂಗಸರು, ಜೊತೆಗೆ ಗಂಡಸರಿಲ್ಲ, ಯಾತ್ರೆಯೂ ಅಲ್ಲ. ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಜನವರಿಯ ದಿನಾಂಕ ಕೊಟ್ಟರು.

ಅಂದೇ ಸಂಜೆ ಹುಳುಮನೆಯ ಜಗಲಿಯಲ್ಲಿ ಕೂತು ನಾನೊಂದು ಪಟ್ಟಿ ಬರೆದೆ. ಅವಳು ಹೇಳುತ್ತಾ ಹೋದಳು. ಮರಿಹುಳು ಬಂದ ಹದಿನೇಳನೇ ದಿನಕ್ಕೆ ಹಣ್ಣು, ಎಂದರೆ ಗೂಡು ಕಟ್ಟಲು ಸಿದ್ಧ. ಆಮೇಲೆ ಐದು ದಿನಕ್ಕೆ ಗೂಡು. ಆರನೇ ದಿನ ಮಾರುಕಟ್ಟೆ. ಏಳನೇ ದಿನ ರೈಲು. ಹುಳು ಹಣ್ಣಾಗುವ ದಿನಕ್ಕೂ ನಾವು ಹೊರಡುವ ದಿನಕ್ಕೂ ಏಳು ದಿನದ ಅಂತರ. ಪಟ್ಟಿಯನ್ನು ಗೋಡೆಗೆ ಅಂಟಿಸಿದೆವು. ಅದು ಸೆಪ್ಟೆಂಬರಿನ ಕೊನೆ, ಮೈ ಬೆವರುವ ಸೆಖೆ. ಇಬ್ಬರಿಗೂ ಚಳಿಗಾಲ ಹೊಳೆಯಲಿಲ್ಲ. ಮೂವತ್ತೈದು ವರ್ಷ ಹುಳು ಸಾಕಿದವಳಿಗೆ ಹೊಳೆಯದಿದ್ದದ್ದು ಹೇಗೆಂದು ಆಮೇಲೆ ಅವಳ ಗಂಡ ಕೇಳಿದಾಗ, ಹೋಗುವ ಆಸೆಯಲ್ಲಿ ಬೇಸಿಗೆಯ ಲೆಕ್ಕ ಹಾಕಿಬಿಟ್ಟೆ ಎಂದಳು.

ಚಳಿ ಎರಡು ಕಡೆಯಿಂದ ಕೈಕೊಟ್ಟಿತು. ಮೊದಲು ಮರಿಹುಳುವೇ ಮೂರು ದಿನ ತಡವಾಗಿ ಬಂತು. ಮೊಟ್ಟೆ ಒಡೆಸಿ ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವವರನ್ನು ಚಾಕಿ ಕೇಂದ್ರದವರು ಎನ್ನುತ್ತಾರೆ. ಅವರಲ್ಲೂ ಬೆಳವಣಿಗೆ ನಿಂತುಬಿಟ್ಟಿತ್ತು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಚರ್ಮ ಕಳಚುವ ಮೊದಲು ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎಂಬ ಮಾತು. ನಾಲ್ಕು ಜ್ವರ ಎದ್ದ ಮೇಲೆ ಹಗಲು ರಾತ್ರಿ ಎನ್ನದೆ ತಿಂದು, ಮೈ ಹಳದಿಗೆ ತಿರುಗಿ, ಹಣ್ಣಾಗುತ್ತದೆ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ಅಗಲ ತಟ್ಟಿಗೆ ಬಿಡಬೇಕು. ಅಲ್ಲಿ ಅವು ಗೂಡು ಕಟ್ಟುತ್ತವೆ. ಅರ್ಧ ದಿನ ತಡವಾದರೂ ಸೊಪ್ಪಿನ ನಡುವೆಯೇ ನೂಲು ಬಿಟ್ಟು ಬೆಳೆ ಕೆಡುತ್ತದೆ.

ಹೊರಡಲು ಒಂಬತ್ತು ದಿನ ಇರುವಾಗ ಅವಳ ಫೋನ್ ಬಂತು. ಹುಳುಮನೆಯಲ್ಲೂ ಚಳಿಗೆ ಹುಳು ನಿಧಾನವಾಗಿ, ನಾಲ್ಕನೇ ಜ್ವರವೇ ಇನ್ನೂ ಎದ್ದಿಲ್ಲ ಎಂದಳು. ಹುಳುಮನೆಗೆ ಹೀಟರ್ ಇಟ್ಟಿದ್ದಾರೆ, ಇದ್ದಿಲ ಒಲೆ ಹಚ್ಚಿದ್ದಾರೆ. ಅದಕ್ಕಿಂತ ಹೆಚ್ಚು ಕಾವು ಕೊಟ್ಟರೆ ಹುಳು ಸಾಯುತ್ತದೆ. ನಾನು ಫೋನ್ ಹಿಡಿದುಕೊಂಡೇ ಪಟ್ಟಿಯ ನಕಲು ತೆಗೆದು ದಿನ ಎಣಿಸಿದೆ. ತಡವಾದ ಮೂರು ದಿನ, ಚಳಿ ತಿಂದ ನಾಲ್ಕು ದಿನ, ಒಟ್ಟು ಏಳು. ನಾವು ಬಿಟ್ಟಿದ್ದ ಅಂತರ ಅಷ್ಟೂ ಕರಗಿಹೋಗಿತ್ತು. ರೈಲು ಹತ್ತುವ ದಿನವೇ ಅವಳ ಹುಳು ಹಣ್ಣಾಗತೊಡಗುತ್ತದೆ.

ಬೇರೆ ಕೈ ಸಿಗುವಂತಿರಲಿಲ್ಲ. ಆ ಬೀದಿಯ ಎಲ್ಲರೂ ಒಂದೇ ದಿನ ಒಂದೇ ಕಡೆಯಿಂದ ಮರಿಹುಳು ತಂದವರು. ಆರಿಸಲು ಬರುವ ಹೆಂಗಸರು ಆ ಎರಡು ದಿನ ಅವರವರ ಮನೆಯಲ್ಲೇ ಬೇಕು. ಏಜೆಂಟರನ್ನು ಕೇಳಿದೆ. ದುಡ್ಡು ವಾಪಸ್ಸಿಲ್ಲ, ಹೆಸರು ಬದಲಿಸುವ ಅವಧಿಯೂ ಮುಗಿದಿದೆ ಎಂದರು.

ನಾನೂ ಹೋಗುವುದಿಲ್ಲ ಎಂದು ಹೇಳಲು ಅಕ್ಕೂರಿಗೆ ಹೋದೆ. ಹುಳು ದೊಡ್ಡದಾದ ಮೇಲೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಾಗಿಲ ಬಳಿ ಸುಣ್ಣ ಹಾಸಿದ್ದರು. ನಾನು ಹೊರಗೆ ನಿಂತೆ, ಅವಳು ಒಳಗೆ ಸೊಪ್ಪು ಹರಡುತ್ತಿದ್ದಳು. ನನ್ನ ಮಾತು ಮುಗಿಯುವವರೆಗೂ ಅವಳ ಕೈ ನಿಲ್ಲಲಿಲ್ಲ.

“ನೀನೂ ನಿಂತ್ಕೊಂಡ್ರೆ ನಾನು ದಿನಾ ಈ ಹುಳಿನ ಮೇಲೆ ಕ್ವಾಪ ಮಾಡ್ಕೊತೀನಿ ಕಣಮ್ಮಿ,” ಎಂದಳು. “ಬಾಯಿಲ್ಲದ ಜೀವ ಅವು. ನಂಗೆ ಆ ಪಾಪ ಬ್ಯಾಡ. ನೀನು ಹೋಗ್ಬುಟ್ಟು ಬಾ.”

ಅವಳು ಬುಟ್ಟಿ ಕೆಳಗಿಟ್ಟು ಬಾಗಿಲಿಗೆ ಬಂದಳು.

“ಹೆದರಿಕೆ ಬೇರೆ ಐತೆ,” ಎಂದಳು. “ನೀನು ನೋಡ್ಕೊಂಡು ಬಂದ್ಮೇಲೆ ನನ್ ಜೊತೆ ಯಾಕ್ ಬತ್ತೀಯ? ನೋಡಿದ್ದನ್ನೇ ನೋಡೋಕೆ ಯಾರು ಎರಡನೇ ಸಲ ದುಡ್ಡು ಕೊಡ್ತಾರೆ? ನಾನು ಒಬ್ಳೇ ಹೋಗೋಳಲ್ಲ. ಇವ್ರು ಬರೋರಲ್ಲ. ಈಗ ತಪ್ಪುದ್ರೆ ನನ್ ಪಾಲಿಗೆ ಮುಗೀತು ಅನ್ಸತ್ತೆ.”

ಇದು ಅವಳ ಪೂರ್ತಿ ಅಳಲು. ನಾನು ಖಂಡಿತ ಬರುತ್ತೇನೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಹೊರಡುವಾಗ ಒಂದು ಷರತ್ತು ಹಾಕಿದಳು. ಹಡಗಿನಲ್ಲಿ ಏನೇನಿದೆ ಎಲ್ಲ ಹೇಳಬೇಕು. ಊಟ, ಮಂಚ, ಜನ, ಬಚ್ಚಲು, ಎಲ್ಲ. ಸಮುದ್ರ ಹೇಗಿದೆ ಎಂದು ಮಾತ್ರ ಹೇಳಕೂಡದು. ಫೋಟೋ ಕಳಿಸಕೂಡದು. ಟಿವಿಯಲ್ಲಿ ನೋಡಿಲ್ಲವೇ ಎಂದು ಕೇಳಿದ್ದಕ್ಕೆ, ಟಿವಿಯವನು ನನ್ನ ಗೆಳತಿಯಲ್ಲವಲ್ಲ ಎಂದಳು.

ಕೊಚ್ಚಿಯ ಬಂದರಿನಲ್ಲಿ ಟಿಕೆಟ್ ನೋಡಿದ ಹುಡುಗಿ ಇನ್ನೊಬ್ಬರೆಲ್ಲಿ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಕಾರಣದ ಕಾಲಂ ಇತ್ತು. ಅವಳು ತಾನಾಗಿಯೇ ಅನಾರೋಗ್ಯ ಎಂದು ಬರೆಯಹೊರಟಳು. ನಾನು ತಡೆದೆ. ತಪ್ಪು ಮಾಹಿತಿ ದಾಖಲಾಗುವುದನ್ನು ನೋಡಿಕೊಂಡು ಸುಮ್ಮನಿರುವ ಅಭ್ಯಾಸ ನನಗಿಲ್ಲ. ಕೃಷಿ ಕೆಲಸ ಎಂದು ಬರೆಸಿದೆ.

ಕೋಣೆಯಲ್ಲಿ ಎರಡು ಮಂಚ. ಎರಡರ ಮೇಲೂ ಟವೆಲ್ಲನ್ನು ಮಡಿಸಿ ಹಂಸ ಮಾಡಿ ಇಟ್ಟಿದ್ದರು. ಒಬ್ಬಳೇ ಇರುವುದು, ಒಂದು ಸಾಕು ಎಂದು ಕೋಣೆ ಗುಡಿಸುವವರಿಗೆ ಹೇಳಿದೆ. ಪಟ್ಟಿಯಲ್ಲಿ ಎರಡು ಹೆಸರಿದೆ, ಎರಡು ಮಾಡಲೇಬೇಕು ಎಂದರು. ಮರುದಿನ ಎರಡು ಕೋತಿ, ಅದರ ಮರುದಿನ ಎರಡು ಆನೆ. ನಾನು ಒಂದು ಟವೆಲ್ಲಿನಲ್ಲಿ ಮೈ ಒರೆಸಿಕೊಂಡು ಇನ್ನೊಂದರ ಫೋಟೋ ತೆಗೆದೆ.

ಊಟದ ಮೇಜೂ ಇಬ್ಬರದು. ಬಡಿಸಲು ಬಂದಾತ ಈಶಾನ್ಯದ ಕಡೆಯವನು, ನಲವತ್ತರ ಆಸುಪಾಸು, ಬಹಳ ಶಿಸ್ತಿನ ಮನುಷ್ಯ. ಎದುರಿನ ಕುರ್ಚಿಯವರು ತಡವಾಗಿ ಬರುತ್ತಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವರ ಹುಳುಗಳು ಹಣ್ಣಾಗಿವೆ, ಅದಕ್ಕೆ ಬಂದಿಲ್ಲ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಆತ ತಟ್ಟೆಯನ್ನು ಮೆಲ್ಲಗೆ ಮೇಜಿಗಿಟ್ಟ. ಆಮೇಲೆ, ಡಾಕ್ಟರ್ ನೋಡುತ್ತಿದ್ದಾರೆಯೇ ಎಂದ.

ಪಕ್ಕದ ಮೇಜಿನಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ನನ್ನ ವಯಸ್ಸಿನ ಹೆಂಗಸು. ಹುಬ್ಬಳ್ಳಿಯವರು, ಬಟ್ಟೆ ಅಂಗಡಿ ಇದೆ. ಗಂಡನ ಜೊತೆ ಬಂದಿದ್ದರು. ಗಂಡ ಹಡಗು ಹೊರಟ ಅರ್ಧ ಗಂಟೆಗೇ ತಲೆಸುತ್ತು ಬಂದು ಕೋಣೆಯಲ್ಲಿ ಮಲಗಿದ್ದರು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವ ಕೋಣೆಯೇ ಬೇಕೆಂದು ಹಟ ಮಾಡಿ ತೆಗೆದುಕೊಂಡಿದ್ದರಂತೆ. ತೂಗಾಟ ಅಲ್ಲೇ ಹೆಚ್ಚು.

“ರೇಷ್ಮಿ ಹುಳ ಏನ್ರಿ?” ಎಂದು ಆಕೆ ಕೇಳಿದರು. “ನಲವತ್ತು ವರ್ಷ ಆತು ರೇಷ್ಮಿ ಸೀರಿ ಮಾರಾಕತ್ತಿ. ಹುಳದ ಮಾರಿ ಕಂಡಾಕಿ ಅಲ್ಲ ನಾ. ಬರ್ರಿ ಈಕಡೆ, ಹೇಳ್ರಿ.”

ಕುರ್ಚಿ ಎಳೆದುಕೊಂಡು ಹೋದೆ. ಜ್ವರ, ಹಣ್ಣು, ಚಂದ್ರಿಕೆ ಎಲ್ಲ ಹೇಳಿದೆ. ಒಂದು ಗಂಟೆ ಕಳೆದ ಮೇಲೆ ನಾನು ಹೇಳುತ್ತಿರುವುದು ಹುಳುವಿನ ಕತೆಗಿಂತ ಗೆಳತಿಯ ಕತೆ ಎಂಬುದು ಗಮನಕ್ಕೆ ಬಂತು. ಆಕೆಗೂ ಬಂದಿರಬೇಕು. ಒಬ್ಬರೇ ಇರಲು ಬೇಸರ ಆಗುವುದಿಲ್ಲವೇ ಎಂದು ಕೇಳಿದರು. ಇನ್ನೂ ಗೊತ್ತಾಗಿಲ್ಲ ಎಂದೆ. ಆ ಹೊತ್ತಿಗೆ ಅದೇ ನಿಜ.

ದಡ ದೂರವಾದ ಮೇಲೆ ಮೊಬೈಲಿಗೆ ಸಿಗ್ನಲ್ ಹೋಯಿತು. ಅಕ್ಕೂರಿನಲ್ಲಿ ಎಷ್ಟು ಹುಳು ಹಣ್ಣಾಯಿತು, ಎಷ್ಟು ಚಂದ್ರಿಕೆ ತುಂಬಿತು, ಯಾವುದೂ ತಿಳಿಯುವಂತಿರಲಿಲ್ಲ. ಸುದ್ದಿ ಗೊತ್ತಿಲ್ಲದೆ ಒಂದು ದಿನ ಕಳೆದದ್ದು ನನ್ನ ನೌಕರಿಯ ಕಾಲದಲ್ಲಿ ನೆನಪಿಲ್ಲ. ಎರಡನೇ ದಿನ ಬೆಳಿಗ್ಗೆ ನೋಟ್‌ಬುಕ್ ತೆಗೆದು ಕೂತೆ. ಬಲಗಡೆಯ ಪುಟಗಳನ್ನು ಅವಳಿಗೆಂದು ಇಟ್ಟುಕೊಂಡೆ.

ಅದರಲ್ಲಿ ಬರೆದದ್ದು ಹೀಗಿದೆ. ನಡುವಿನ ಅಂತಸ್ತು, ನಡುವಿನ ಕೋಣೆ ಕೇಳಬೇಕು, ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕೂರುವವಳು ಅವಳು. ಬಚ್ಚಲಿನ ಹೊಸ್ತಿಲು ಎತ್ತರ, ಎಡವುತ್ತಾಳೆ. ಬಾಗಿಲಿಗೆ ಬೀಗದ ಕೈ ಇಲ್ಲ, ಕಾರ್ಡು. ಅದನ್ನೇ ಗೋಡೆಯ ಸಂದಿಗೆ ಸಿಕ್ಕಿಸಿದರೆ ದೀಪ. ಮುದ್ದೆ ಇಲ್ಲ, ಸಾರು ಸಪ್ಪೆ, ಮೊಸರನ್ನ ಮೂಲೆಯ ಮೇಜಿನಲ್ಲಿದೆ, ಕೇಳಿದರಷ್ಟೇ ತೋರಿಸುತ್ತಾರೆ. ಶನಿವಾರ ಅವಳು ಮೊಟ್ಟೆ ಮುಟ್ಟುವುದಿಲ್ಲ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಬಡಿಸುವಾತನನ್ನು ಕೇಳಿದೆ, ಇಲ್ಲದ ಕೇಕೂ ಇದೆ. ದ್ವೀಪಕ್ಕೆ ಇಳಿಯುವಾಗ ಹಡಗಿನ ಪಕ್ಕದ ಏಣಿಯಿಂದ ಸಣ್ಣ ದೋಣಿಗೆ ಕಾಲಿಡಬೇಕು. ಸೀರೆ ಉಟ್ಟರೆ ಕಷ್ಟ. ಚೂಡಿದಾರ ಹೊಲಿಸಬೇಕು, ಒಪ್ಪಿಸುವುದು ನನ್ನ ಕೆಲಸ.

ಸಮುದ್ರದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನೋಡಲಿಲ್ಲ ಎಂದಲ್ಲ. ದಿನದ ಬಹುಪಾಲು ಅದನ್ನೇ ನೋಡುತ್ತಿದ್ದೆ. ಈ ಬರಹ ಅವಳ ಕೈಗೆ ಸಿಗುವ ಸಾಧ್ಯತೆ ಇರುವುದರಿಂದ ಇಲ್ಲಿಯೂ ಬರೆಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಮಾತ್ರ ಬರೆಯಲೇಬೇಕು. ಎರಡನೇ ದಿನದ ಮಧ್ಯಾಹ್ನ ಮೇಲಿನ ಅಂತಸ್ತಿನ ನೆರಳಿನಲ್ಲಿ ಒರಗು ಕುರ್ಚಿ ಹಾಕಿಕೊಂಡು ಕೂತಿದ್ದೆ. ಹುಬ್ಬಳ್ಳಿಯಾಕೆ ಗಂಡನಿಗೆ ಗಂಜಿ ಕುಡಿಸಲು ಹೋಗಿದ್ದರು. ಮಾತನಾಡಿಸುವವರಿಲ್ಲ, ಫೋನಿಲ್ಲ, ಏಳು ಗಂಟೆಯ ಗಡುವಿಲ್ಲ. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ. ಎದ್ದಾಗ ನನಗೆ ಸ್ಪಷ್ಟವಾಗಿ ತಿಳಿದದ್ದು, ನನಗೆ ಬೇಸರವಾಗಿಲ್ಲ ಎಂಬುದು. ಬೇಸರ ಇರಲಿ, ಇಷ್ಟು ಹಗುರಾಗಿ ಕೂತು ಎಷ್ಟು ಕಾಲವಾಗಿತ್ತೋ ಗೊತ್ತಿಲ್ಲ. ಗೆಳತಿ ಇದ್ದಿದ್ದರೆ ಅವಳ ತಲೆಸುತ್ತು, ಅವಳ ಊಟ, ಅವಳ ಹುಳುಚಿಂತೆ ನೋಡಿಕೊಳ್ಳುತ್ತಾ ಹೀಗೆ ಕೂರಲು ಆಗುತ್ತಿರಲಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದನ್ನು ಬರಲಿಲ್ಲ ಎನ್ನಲಾರೆ.

ಅದರ ಹಿಂದೆಯೇ ಅಳುಕು. ಅವಳು ಬಾಗಿಲಲ್ಲಿ ನಿಂತು ಹೇಳಿದ ಹೆದರಿಕೆ ಇದೇ ಅಲ್ಲವೇ? ಒಬ್ಬಳೇ ಹೋಗಿ ಬಂದವಳಿಗೆ ಇನ್ನು ಜೊತೆ ಬೇಕಾಗುವುದಿಲ್ಲ ಎಂಬುದು. ಊರಿಗೆ ಹೋದ ಮೇಲೆ ಅವಳು ಕೇಳುತ್ತಾಳೆ. ಬೇಸರವಾಯಿತು ಎಂದುಬಿಟ್ಟರೆ ಅವಳಿಗೆ ಸಮಾಧಾನ. ಒಂದು ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲ. ಹಾಗೆಂದುಕೊಂಡೇ ಆ ದಿನ ಕಳೆದೆ.

ಮೂರನೇ ದಿನ ಮಧ್ಯಾಹ್ನ ದ್ವೀಪದ ಮಣ್ಣಿಗೆ ಕಾಲಿಟ್ಟಾಗ ಸಿಗ್ನಲ್ ಬಂತು. ಮೊಬೈಲ್ ಬಿಡುವಿಲ್ಲದೆ ಗುಂಯ್‌ಗುಟ್ಟಿತು. ಎಲ್ಲ ಅವಳ ಧ್ವನಿ ಸಂದೇಶಗಳು. ತೆಂಗಿನ ಮರದ ಬುಡದಲ್ಲಿ ಕೂತು ಒಂದೊಂದಾಗಿ ಕೇಳಿದೆ. ನನ್ನ ತಾಲ್ಲೂಕು ವರದಿಗಾರರಲ್ಲೂ ಅಷ್ಟು ಅಚ್ಚುಕಟ್ಟಾಗಿ ಸುದ್ದಿ ಕೊಟ್ಟವರು ಕಡಿಮೆ. ಲೆಕ್ಕಕ್ಕಿಂತಲೂ ತಡವಾಗಿ, ನಾನು ಹಡಗು ಹತ್ತಿದ ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲ ಬಳಿಯ ತಟ್ಟೆಯಲ್ಲಿ ಮೊದಲ ಹಣ್ಣು. ಹತ್ತು ಗಂಟೆಗೆ ಎರಡು ಚಂದ್ರಿಕೆ. ಮಧ್ಯಾಹ್ನ ಗಂಡನಿಗೆ ನಿದ್ದೆಗಣ್ಣಿನಲ್ಲಿ ಕಾಯಿಗೂ ಹಣ್ಣಿಗೂ ವ್ಯತ್ಯಾಸ ತಿಳಿಯದೆ ಕಾಯಿ ಹುಳುಗಳನ್ನೂ ಆರಿಸಿದ್ದು, ಅದಕ್ಕೆ ಅವಳು ಬೈದದ್ದು. ಸಂಜೆ ಪಕ್ಕದ ಮನೆಯ ಸೊಸೆ ತನ್ನ ಕೆಲಸ ಮುಗಿಸಿ ಬಂದು ಕೈ ಹಾಕಿದ್ದು. ಮರುದಿನ ಹನ್ನೊಂದಕ್ಕೆ ಎಲ್ಲ ಮುಗಿದದ್ದು.

ಕೊನೆಯ ಸಂದೇಶದಲ್ಲಿ, “ಒಂದೂ ಕೆಡ್ಲಿಲ್ಲ ಕಣಮ್ಮಿ. ಹಿಂಗಾಗುತ್ತೆ ಅಂತ ಗೊತ್ತಿದ್ದಿದ್ರೆ…” ಎಂದು ಅಲ್ಲಿಗೆ ನಿಲ್ಲಿಸಿದ್ದಳು.

ನಾನು ಟವೆಲ್ಲಿನ ಆನೆ, ಕೋತಿ, ಬಚ್ಚಲ ಹೊಸ್ತಿಲು, ಮೊಸರನ್ನದ ಮೇಜು ಎಲ್ಲದರ ಫೋಟೋ ಕಳಿಸಿದೆ. ಸಮುದ್ರ ಒಂದು ಮೂಲೆಯಲ್ಲೂ ಕಾಣದಂತೆ ನೋಡಿಕೊಂಡೆ. ಟವೆಲ್ ಮಡಿಸಿ ಆನೆ ಮಾಡುವಷ್ಟು ಪುರುಸೊತ್ತು ಇರುವವರನ್ನು ಎರಡು ದಿನ ತನ್ನ ಮನೆಗೆ ಕಳಿಸಬಹುದಿತ್ತು ಎಂದು ಉತ್ತರ ಬಂತು. ಅಂದು ಸಂಜೆ ಊಟಕ್ಕೆ ಕೂತಾಗ ಬಡಿಸುವಾತ ತಾನಾಗಿಯೇ ಬಂದು, ಹುಳುಗಳು ಈಗ ಹೇಗಿವೆ ಎಂದು ಕೇಳಿದ. ಎಲ್ಲ ಗೂಡಿಗೆ ಹತ್ತಿವೆ ಎಂದೆ. ಇಷ್ಟರಲ್ಲಿ ಹುಬ್ಬಳ್ಳಿಯಾಕೆ ಆತನಿಗೆ ವಿಷಯ ತಿಳಿಸಿದ್ದರು. ಅಭಿನಂದನೆ ಹೇಳಿ, ನನ್ನ ಮುಂದೆ ಮೊಟ್ಟೆ ಹಾಕದ ಕೇಕಿನ ಎರಡು ತುಂಡು ಇಟ್ಟ.

ಊರಿಗೆ ಬಂದ ಮರುದಿನ ಅಕ್ಕೂರಿಗೆ ಹೋದೆ. ಗೂಡು ಬಿಡಿಸುವ ದಿನ. ಅಂಗಳದಲ್ಲಿ ಚಂದ್ರಿಕೆಗಳನ್ನು ಒರಗಿಸಿದ್ದರು. ಅವಳೂ ಗಂಡನೂ ಎದುರುಬದುರು ಕೂತು ಗೂಡು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಹಳದಿ ಗೂಡು, ಒತ್ತಿ ನೋಡಿದರೆ ಗಟ್ಟಿ. ಒಳ್ಳೆಯ ಬೆಳೆ. ನಾನೂ ಒಂದು ಚಂದ್ರಿಕೆ ಎಳೆದುಕೊಂಡು ಕೂತೆ. ಗೂಡಿನ ಮೇಲಿನ ಜಾಲದಂಥ ಎಳೆ ಬೆರಳಿಗೆ ಅಂಟಿಕೊಳ್ಳುತ್ತಿತ್ತು.

ಅವಳು ಹಡಗಿನ ಮಾತೇ ಎತ್ತಲಿಲ್ಲ. ಬೆಳೆಯ ಮಾತು, ಮಾರುಕಟ್ಟೆಗೆ ಹೋಗುವ ಗಾಡಿಯ ಮಾತು. ಎರಡನೇ ಬುಟ್ಟಿ ತುಂಬುತ್ತಾ ಬಂದಾಗ ಕೇಳಿದಳು, ತಲೆ ಎತ್ತದೆ.

“ಒಬ್ಳಿಗೇ ಬ್ಯಾಸರ ಆಯ್ತಾ?”

ಸಿದ್ಧಮಾಡಿಕೊಂಡಿದ್ದ ಉತ್ತರ ಬಾಯಲ್ಲಿತ್ತು. ಹೇಳಲು ಆಗಲಿಲ್ಲ.

“ಇಲ್ಲ,” ಎಂದೆ. “ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು.”

ಅವಳ ಕೈ ನಿಂತಿತು. ಗಂಡ ನನ್ನ ಮುಖ ನೋಡಿ, ಎದ್ದು, ತುಂಬದ ಬುಟ್ಟಿಯನ್ನೇ ಎತ್ತಿಕೊಂಡು ಒಳಗೆ ಹೋದ. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಬಲಗಡೆಯ ಪುಟಗಳನ್ನು ಮೊದಲಿನಿಂದ ಓದಿದೆ. ನಡುವಿನ ಅಂತಸ್ತು, ಹೊಸ್ತಿಲು, ಕಾರ್ಡು, ಮೊಸರನ್ನ, ಶನಿವಾರದ ಕೇಕು, ಏಣಿ, ಚೂಡಿದಾರ. ಓದುತ್ತಿರುವಾಗ ಅವಳು ಒಂದು ಗೂಡನ್ನು ಅಂಗೈಯಲ್ಲಿ ಉರುಳಿಸುತ್ತಲೇ ಇದ್ದಳು. ಚೂಡಿದಾರಕ್ಕೆ ಬಂದಾಗ, ಆಗಲ್ಲ ಎಂದಳು. ಸೀರೆಯಲ್ಲೇ ಮರ ಹತ್ತಿ ಸೊಪ್ಪು ಕೊಯ್ದವಳು ತಾನು, ಏಣಿ ಇಳಿಯುವುದು ಯಾವ ದೊಡ್ಡ ವಿಷಯ ಎಂದಳು. ಓದಿ ಮುಗಿಸಿದೆ.

“ಇದೆಲ್ಲ ಯಾವಾಗ ಬರ್ದೆ?”

“ಅಲ್ಲೇ.”

“ಚೆನ್ನಾಗಿತ್ತು ಅಂತೀಯ. ಒಬ್ಳೇ ಆರಾಮಾಗಿದ್ದೆ ಅಂತೀಯ. ಮತ್ತೆ ಇದನ್ನ ಯಾಕೆ ಬರ್ಕೊಂಡು ಕೂತಿದ್ದೆ?”

ಒಂದು ಸಲ ಆರಾಮಾಗಿ ಕೂತು ನೋಡಿದ್ದಾಯಿತು, ಇನ್ನೊಂದು ಸಲ ನಿನ್ನ ತಲೆಸುತ್ತು ನೋಡಿಕೊಳ್ಳಲು ಅಡ್ಡಿಯಿಲ್ಲ ಎಂದೆ. ಅವಳು ನಕ್ಕಳು. ಬಹಳ ಹೊತ್ತು ನಕ್ಕಳು. ಕಣ್ಣು ಒರೆಸಿಕೊಂಡದ್ದು ನಗುವಿಗೋ ಇನ್ನೊಂದಕ್ಕೋ ನಾನು ಗುರುತು ಮಾಡಿಕೊಳ್ಳಲಿಲ್ಲ.

“ಬ್ಯಾಸರ ಆಯ್ತು ಅಂದಿದ್ರೆ ನಾನು ಬತ್ತಾ ಇರ್ಲಿಲ್ಲ,” ಎಂದಳು. “ಬ್ಯಾಸರ ಆಗೋ ಜಾಗಕ್ಕೆ ಬೆಳೆ ಬುಟ್ಟು ಯಾರ್ ಬತ್ತಾರೆ?”

ನಾನು ಪಟ್ಟಿ ಬರೆಯಲು ಪೆನ್ನು ತೆಗೆದೆ. ಈ ಸಲ ಚಳಿಯ ದಿನಗಳನ್ನೂ ಸೇರಿಸಿ, ಎರಡು ಬೆಳೆಗಳ ನಡುವೆ ಎಲ್ಲಿ ಸಂದು ಸಿಗುತ್ತದೆ ನೋಡೋಣ ಎಂದೆ. ಅವಳು ಪೆನ್ನು ಕಸಿದು ಪಕ್ಕಕ್ಕಿಟ್ಟಳು. ಸಂದಿನ ಲೆಕ್ಕ ಹಾಕಿಯೇ ಇಷ್ಟು ವಯಸ್ಸಾಯಿತು, ಇನ್ನು ಸಾಕು ಎಂದಳು. ಕೈ ಅಂಟಾಗಿದ್ದರಿಂದ ನನ್ನ ಕೈಲಿ ಚಾಕಿ ಕೇಂದ್ರದವರ ನಂಬರು ಒತ್ತಿಸಿ, ಸ್ಪೀಕರ್ ಹಾಕಿಸಿದಳು.

ಶಿವರಾತ್ರಿ ಕಳೆದ ಮೇಲಿನ ಬೆಳೆಗೆ ತಮಗೆ ಮರಿಹುಳು ಬೇಡ ಎಂದಳು. ಆ ಕಡೆಯವರಿಗೆ ಕೇಳಿಸಲಿಲ್ಲವೋ, ನಂಬಲಿಲ್ಲವೋ. ಇನ್ನೊಮ್ಮೆ ಹೇಳಿದಳು.

“ಯಾಕಕ್ಕ, ಮನೇಲಿ ಏನಾದ್ರೂ ಕೆಟ್ಟದ್ದಾಯ್ತಾ?”

“ಏನೂ ಆಗಿಲ್ಲ ಕಣಪ್ಪ. ಸಮುದ್ರ ನೋಡೋಕೆ ಹೋಯ್ತಾ ಇವ್ನಿ.”

“ಅದ್ಕೆ ಬೆಳೆ ಬುಡ್ತೀರಾ?”

“ಹೂಂ.”

ಆತ ಮತ್ತೇನೂ ಕೇಳಲಿಲ್ಲ. ಬರೆದುಕೊಂಡೆ ಎಂದು ಫೋನ್ ಇಟ್ಟ. ಮದುವೆಯಾಗಿ ಬಂದ ಮೇಲೆ ಅವಳು ಬೇಕೆಂದು ಬಿಟ್ಟ ಮೊದಲ ಬೆಳೆ ಅದು. ಬಾಗಿಲಲ್ಲಿ ನಿಂತಿದ್ದ ಗಂಡ, ಹಾಗಾದರೆ ತೋಟದಲ್ಲಿ ಬೆಳೆದ ಸೊಪ್ಪನ್ನು ಏನು ಮಾಡುವುದು ಎಂದು ಕೇಳಿದ. ಮಾರಿ, ಮಾರದಿದ್ದರೆ ದನಕ್ಕೆ ಹಾಕಿ ಎಂದಳು. ತಾನೇನು ಮಾಡಲಿ ಎಂದ. ಮೂವತ್ತೈದು ವರ್ಷದ ನಿದ್ದೆ ಬಾಕಿ ಇದೆಯಲ್ಲ, ಮಲಗಿ ಎಂದಳು. ಆತ ಯೋಚಿಸಿ, ಅದೂ ಸರಿಯೇ ಎಂದು ಒಪ್ಪಿಕೊಂಡ.

ಸಂಜೆ ಬಸ್ಸಿನವರೆಗೆ ಜೊತೆಗೆ ಬಂದಳು. ದಾರಿಯುದ್ದಕ್ಕೂ ಕೇಳಿದ್ದನ್ನೇ ಕೇಳಿದಳು. ಆ ಕಾರ್ಡು ಕಳೆದುಹೋದರೆ ಏನು ಗತಿ. ಉಪ್ಪಿನಕಾಯಿ ಒಯ್ಯಲು ಬಿಡುತ್ತಾರೆಯೇ. ಹುಬ್ಬಳ್ಳಿಯಾಕೆಗೆ ಒಂದು ಹಿಡಿ ಗೂಡು ಕಳಿಸಿದರೆ ಹೇಗೆ. ಉಪ್ಪಿನಕಾಯಿಯ ವಿಷಯ ವಿಚಾರಿಸಿಲ್ಲ, ತಿಳಿದು ಹೇಳುತ್ತೇನೆ ಎಂದೆ. ಎಲ್ಲ ಬರೆದುಕೊಂಡು ಬಂದವಳು ಅದನ್ನೇ ಬಿಟ್ಟೆಯಲ್ಲ ಎಂದು ಹಂಗಿಸಿದಳು. ಚನ್ನಪಟ್ಟಣದ ಬಸ್ಸು ತಿರುವಿನಲ್ಲಿ ಕಾಣಿಸಿತು. ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದವಳು ಅವಳೇ. ನಾನು ಹತ್ತಿ ಕೂತ ಮೇಲೆ ಕಿಟಕಿಯ ಬಳಿಗೆ ಬಂದು, ಆ ಚೂಡಿದಾರ ಯಾವ ಬಣ್ಣದ್ದಾದರೆ ಒಪ್ಪುತ್ತದೆ ಎಂದು ಕೇಳಿದಳು.